ಡಾ. ಮೈಕೆಲ್ ಡಿಲ್ಲನ್: ಕಿವಿಗೊಟ್ಟ ಶಸ್ತ್ರವೈದ್ಯ, ಕಾಯ್ದುಕೊಂಡ ಗುಟ್ಟು

1962ರ ಮೇ 15ರಂದು, ಈಗ ಹಿಮಾಚಲ ಪ್ರದೇಶಕ್ಕೆ ಸೇರಿರುವ ಡಾಲ್‌ಹೌಸಿ ಗಿರಿಧಾಮದ ಆಸ್ಪತ್ರೆಯಲ್ಲಿ ಲೋಬ್ಸಾಂಗ್ ಜೀವಕ ಎಂಬ ಬೌದ್ಧ ಶ್ರಾಮಣೇರರೊಬ್ಬರು ಕೊನೆಯುಸಿರೆಳೆದರು. ಅವರಿಗೆ ಆಗ 47 ವರ್ಷ. ಹುಟ್ಟಿನಿಂದ ಅವರು ಆಂಗ್ಲರು. ಆಕ್ಸ್‌ಫರ್ಡಿನ ಪದವೀಧರರು, ಡಬ್ಲಿನ್ನಿನಲ್ಲಿ ಓದಿದ ವೈದ್ಯರು, ಐರ್ಲೆಂಡಿನ ಒಂದು ಕುಲೀನ ಮನೆತನದ ವಾರಸುದಾರರು. ಹೆಣ್ಣೆಂದು ದಾಖಲಾಗಿ ಹುಟ್ಟಿ, ಔಷಧ ಮತ್ತು ಶಸ್ತ್ರಚಿಕಿತ್ಸೆಗಳ ನೆರವಿನಿಂದ ಪೂರ್ಣವಾಗಿ ಗಂಡಾಗಿ ಬಾಳಿದವರಲ್ಲಿ ಮೊದಲಿಗರೆಂದು ವೈದ್ಯಕೀಯ ಚರಿತ್ರೆ ಗುರುತಿಸಿರುವ ಡಾ. ಮೈಕೆಲ್ ಡಿಲ್ಲನ್ ಅವರೇ ಈ ಜೀವಕರು.

ಇಂತಹ ವಿಷಯಗಳನ್ನು ನಮ್ಮ ಮನೆಗಳಲ್ಲಿ ಮಾತನಾಡುವುದು ಕಡಿಮೆ. ಹಬ್ಬಕ್ಕೋ ಮದುವೆಗೋ ನೆಂಟರು ಸೇರಿದಾಗ ಯಾರದೋ ಮಗ, ಯಾರದೋ ಮಗಳು ಎಂದು ಪಿಸುಮಾತು ಸುಳಿದರೂ ಹಿರಿಯರು ಮಾತು ಬದಲಿಸುತ್ತಾರೆ. ಡಿಲ್ಲನ್ನರ ಬದುಕನ್ನು ಓದಿದಾಗ ಪಿಸುಮಾತಿಗೆ ಎಂತಹ ಬೆಲೆ ತೆರಬೇಕಾಗುತ್ತದೆ ಎಂಬುದು ನಮಗೆ ಮನವರಿಕೆಯಾಯಿತು. ನಂಬಿ ಹೇಳಿಕೊಂಡದ್ದನ್ನು ಕಾಪಾಡಿದವರಿಂದ ಅವರ ಬಾಳು ಅರಳಿತು. ಆಡಿ ಹರಡಿದವರಿಂದ ನೆಲೆ ತಪ್ಪಿತು. ಆದ್ದರಿಂದಲೇ ಈ ಬದುಕನ್ನು ಓದುಗರ ಮುಂದಿಡುತ್ತಿದ್ದೇವೆ.

ಡಿಲ್ಲನ್ ಹುಟ್ಟಿದ್ದು 1915ರ ಮೇ 1ರಂದು, ಲಂಡನ್ನಿನಲ್ಲಿ. ಇಟ್ಟ ಹೆಸರು ಲಾರಾ ಮಾಡ್. ಎರಡು ವಾರ ತುಂಬುವ ಮೊದಲೇ ತಾಯಿ ತೀರಿಕೊಂಡರು. ಮಗುವನ್ನೂ ಅದರ ಅಣ್ಣನನ್ನೂ ಸಾಕಿದವರು ಕಡಲ ದಂಡೆಯ ಫೋಕ್‌ಸ್ಟನ್ ಪಟ್ಟಣದಲ್ಲಿದ್ದ ಸೋದರತ್ತೆಯರು. 1925ರಲ್ಲಿ ತಂದೆಯೂ ಕಣ್ಮುಚ್ಚಿದರು. ಲಿಸ್‌ಮುಲ್ಲನ್ ಮನೆತನದ ಬ್ಯಾರೊನೆಟ್ ಪದವಿ ಅಣ್ಣನಿಗೆ ಬಂತು. ಮುಂದೆ ಡಿಲ್ಲನ್ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ಅವರಿಗೆ ಹೆಸರು ತಂದದ್ದು ದೋಣಿ ಸ್ಪರ್ಧೆ. ವಿಶ್ವವಿದ್ಯಾಲಯದ ಮಹಿಳಾ ದೋಣಿ ಸಂಘದ ಅಧ್ಯಕ್ಷತೆಯನ್ನೂ ವಹಿಸಿದರು. ಆದರೆ ಸ್ತ್ರೀ ಎಂದು ಯಾರಾದರೂ ಕರೆದಾಗಲೆಲ್ಲ ಅದು ತಮ್ಮನ್ನಲ್ಲ, ಬೇರೆ ಯಾರನ್ನೋ ಕರೆದಂತೆ ಅವರಿಗೆ ಅನ್ನಿಸುತ್ತಿತ್ತು. ಆ ಅನ್ನಿಸಿಕೆಗೆ ಆ ಕಾಲದಲ್ಲಿ ಒಂದು ಹೆಸರೂ ಇರಲಿಲ್ಲ.

1938ರಲ್ಲಿ ಪದವಿ ಮುಗಿಸಿ ಬ್ರಿಸ್ಟಲ್ ಸೀಮೆಯ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದರು. ಮರುವರ್ಷ ಜಾರ್ಜ್ ಫಾಸ್ ಎಂಬ ವೈದ್ಯರನ್ನು ಕಂಡರು. ಸ್ತ್ರೀಯರ ಅತಿಯಾದ ರಕ್ತಸ್ರಾವವನ್ನು ತಡೆಯಲು ಟೆಸ್ಟೋಸ್ಟೆರೋನ್ ಎಂಬ ಗಂಡು ಹಾರ್ಮೋನನ್ನು ಪ್ರಯೋಗಿಸುತ್ತಿದ್ದ ವೈದ್ಯರವರು. ಡಿಲ್ಲನ್ನರಿಗೆ ಆ ಗುಳಿಗೆಗಳನ್ನು ಕೊಟ್ಟ ಫಾಸರು, ಒಬ್ಬ ಮನೋವೈದ್ಯರನ್ನೂ ಕಾಣಬೇಕೆಂದು ಹೇಳಿದರು. ಡಿಲ್ಲನ್ ಕಂಡರು, ಮನಸ್ಸನ್ನು ತೆರೆದಿಟ್ಟರು. ಆ ಮನೋವೈದ್ಯರ ಬಾಯಿಂದ ಮಾತು ಹೊರಬಿತ್ತು. ಕೆಲವೇ ದಿನಗಳಲ್ಲಿ ಅದು ಪ್ರಯೋಗಾಲಯವನ್ನೆಲ್ಲ ತಲುಪಿತು. ಅಲ್ಲಿ ತಲೆಯೆತ್ತಿ ನಿಲ್ಲಲಾರದೆ ಡಿಲ್ಲನ್ ಆ ಕೆಲಸ ಬಿಟ್ಟು ಬ್ರಿಸ್ಟಲ್ ನಗರದ ಒಂದು ಮೋಟಾರು ಗ್ಯಾರೇಜು ಸೇರಿದರು. ಆಕ್ಸ್‌ಫರ್ಡಿನ ಪದವೀಧರರು ವಾಹನಗಳಿಗೆ ಪೆಟ್ರೋಲು ಹಾಕುತ್ತ, ಕೆಟ್ಟು ನಿಂತ ಬಂಡಿಗಳನ್ನು ಎಳೆದು ತರುತ್ತ ಯುದ್ಧದ ವರ್ಷಗಳನ್ನು ಕಳೆದರು. ರಾತ್ರಿ ಬಾಂಬುಗಳು ಬೀಳುವಾಗ ಬೆಂಕಿಯ ಕಾವಲು ಕಾಯುವುದೂ ಅವರ ಪಾಲಿಗಿತ್ತು. ಇಷ್ಟರಲ್ಲಿ ಗುಳಿಗೆಗಳು ಪರಿಣಾಮ ತೋರತೊಡಗಿದ್ದವು. ದನಿ ಒಡೆಯಿತು, ಗಡ್ಡ ಮೂಡಿತು. ಹೊಸದಾಗಿ ಕಂಡವರು ಅವರನ್ನು ಗಂಡಸೆಂದೇ ತಿಳಿದರು.

ರಕ್ತದಲ್ಲಿ ಸಕ್ಕರೆ ಇಳಿದು ಎಚ್ಚರ ತಪ್ಪುವ ತೊಂದರೆ ಡಿಲ್ಲನ್ನರಿಗಿತ್ತು. ಹಾಗೆ ಬಿದ್ದು ಪೆಟ್ಟು ಮಾಡಿಕೊಂಡು ಬ್ರಿಸ್ಟಲ್ಲಿನ ಆಸ್ಪತ್ರೆ ಸೇರಿದಾಗ ಅಲ್ಲಿನ ಪ್ಲಾಸ್ಟಿಕ್ ಶಸ್ತ್ರವೈದ್ಯರೊಬ್ಬರ ಪರಿಚಯವಾಯಿತು. ಅವರಿಂದ ಮೂರು ಉಪಕಾರಗಳಾದವು. 1942ರಲ್ಲಿ ಡಿಲ್ಲನ್ನರ ಎದೆಯ ಶಸ್ತ್ರಚಿಕಿತ್ಸೆ ನಡೆಯಿತು. ಅವರು ಕೊಟ್ಟ ವೈದ್ಯಕೀಯ ಪತ್ರದ ಆಧಾರದ ಮೇಲೆ 1944ರಲ್ಲಿ ಜನನ ನೋಂದಣಿ ತಿದ್ದಲ್ಪಟ್ಟು ಲಾರೆನ್ಸ್ ಮೈಕೆಲ್ ಡಿಲ್ಲನ್ ಎಂಬ ಹೆಸರು ಅಧಿಕೃತವಾಯಿತು. ಮೂರನೆಯದಾಗಿ, ಸರ್ ಹೆರಾಲ್ಡ್ ಗಿಲೀಸ್ ಅವರನ್ನು ಕಾಣುವ ದಾರಿಯನ್ನೂ ಅವರೇ ತೋರಿಸಿದರು.

ಗಿಲೀಸ್ ಯಾರೆಂಬುದನ್ನು ಇಲ್ಲಿ ಹೇಳಲೇಬೇಕು. 1882ರಲ್ಲಿ ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ ಹುಟ್ಟಿ ಕೇಂಬ್ರಿಜ್ಜಿನಲ್ಲಿ ಓದಿದವರು. ಡಿಲ್ಲನ್ನರಂತೆ ಅವರೂ ದೋಣಿಗಾರರು, 1904ರ ಸ್ಪರ್ಧೆಯಲ್ಲಿ ಕೇಂಬ್ರಿಜ್ ಪರವಾಗಿ ಹುಟ್ಟು ಹಾಕಿದವರು. ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರವಾಗಿ ಮರಳಿದ ಸೈನಿಕರಿಗಾಗಿ 1917ರಲ್ಲಿ ಸಿಡ್‌ಕಪ್‌ನಲ್ಲಿ ತೆರೆದ ಆಸ್ಪತ್ರೆಯಲ್ಲಿ ಅವರೂ ಅವರ ಸಂಗಡಿಗರೂ ಐದು ಸಾವಿರಕ್ಕೂ ಹೆಚ್ಚು ಮಂದಿಗೆ ಹನ್ನೊಂದು ಸಾವಿರಕ್ಕೂ ಮಿಕ್ಕಿ ಶಸ್ತ್ರಚಿಕಿತ್ಸೆಗಳನ್ನು ಮಾಡಿದರು. ಜಟ್ಲೆಂಡ್ ಕದನದಲ್ಲಿ ಸುಟ್ಟ ವಿಲ್ಲಿ ವಿಕರೇಜ್ ಎಂಬ ನಾವಿಕನ ಮುಖವನ್ನು ಸರಿಪಡಿಸುವಾಗ ಗಿಲೀಸರಿಗೆ ಹೊಸ ಉಪಾಯವೊಂದು ಹೊಳೆಯಿತು. ಮೈಮೇಲಿನ ಚರ್ಮದ ಪಟ್ಟಿಯೊಂದನ್ನು ಎರಡೂ ತುದಿಗಳಲ್ಲಿ ಅಂಟಿರುವಂತೆಯೇ ಎಬ್ಬಿಸಿ, ಅಂಚುಗಳನ್ನು ಕೂಡಿಸಿ ಕೊಳವೆಯಂತೆ ಹೊಲಿದರೆ ಒಳಗಿನ ಹಸಿಭಾಗಕ್ಕೆ ನಂಜು ತಗಲುವುದು ಕಡಿಮೆ, ರಕ್ತಸಂಚಾರವೂ ನಿಲ್ಲುವುದಿಲ್ಲ. ಆ ಕೊಳವೆಯ ಒಂದು ತುದಿಯನ್ನು ಬಿಡಿಸಿ ಬೇಕಾದ ಕಡೆ ನಾಟಿ, ಅದು ಅಲ್ಲಿ ಬೇರೂರಿದ ಮೇಲೆ ಇನ್ನೊಂದು ತುದಿಯನ್ನು ಬಿಡಿಸಬಹುದು. ಒಂದೊಂದು ಹೆಜ್ಜೆಗೂ ವಾರಗಳು ಬೇಕು.

ಚರ್ಮವನ್ನು ಅದರ ಬುಡ ಕಡಿಯದೆ ತಿರುಗಿಸಿ ಕೂಡಿಸುವ ವಿದ್ಯೆ ನಮ್ಮ ನಾಡಿಗೆ ಹಳೆಯದು. ಟಿಪ್ಪು ಸುಲ್ತಾನನೊಡನೆ ನಡೆದ ಯುದ್ಧದಲ್ಲಿ ಆಂಗ್ಲ ಸೇನೆಯ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಸೆರೆಸಿಕ್ಕು ಮೂಗು ಕಳೆದುಕೊಂಡಿದ್ದ. ಪುಣೆಯ ಕಡೆಯ ಕುಶಲಿಯೊಬ್ಬ ಅವನ ಹಣೆಯ ಚರ್ಮದಿಂದಲೇ ಹೊಸ ಮೂಗನ್ನು ಮಾಡಿಕೊಟ್ಟ. ಈ ಸುದ್ದಿ 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಝಿನ್ ಪತ್ರಿಕೆಯಲ್ಲಿ ಅಚ್ಚಾಗಿ ಯುರೋಪಿನ ಶಸ್ತ್ರವೈದ್ಯರ ಕಣ್ಣು ತೆರೆಸಿತು. ಮೈಸೂರು ಸೀಮೆಯ ರಣರಂಗದಿಂದ ಸಿಡ್‌ಕಪ್ಪಿನವರೆಗೆ ಈ ವಿದ್ಯೆಯ ಎಳೆ ಹರಿದು ಬಂದಿದೆ.

ಡಿಲ್ಲನ್ ಗಿಲೀಸರನ್ನು ಕಂಡದ್ದು ಎರಡನೆಯ ಮಹಾಯುದ್ಧದ ದಿನಗಳಲ್ಲಿ. ಗಾಯಗೊಂಡ ಸೈನಿಕರ ಜನನಾಂಗಗಳನ್ನು ಪುನಃ ರೂಪಿಸಿದ ಅನುಭವ, ಹುಟ್ಟಿನಲ್ಲೇ ಲಿಂಗ ಅಸ್ಪಷ್ಟವಾಗಿದ್ದವರಿಗೆ ಚಿಕಿತ್ಸೆ ನೀಡಿದ ಅನುಭವ ಗಿಲೀಸರಿಗಿತ್ತು. ಆದರೆ ಹೆಣ್ಣಾಗಿ ದಾಖಲಾಗಿ ಹುಟ್ಟಿದವರೊಬ್ಬರು ಗಂಡಾಗಿ ಬಾಳಲು ನೆರವು ಕೇಳಿ ಬಂದಾಗ ನೋಡಿಕೊಳ್ಳಲು ಹಿಂದಿನ ಮೇಲ್ಪಂಕ್ತಿಯೊಂದು ಇರಲಿಲ್ಲ. ಅವರು ಡಿಲ್ಲನ್ನರನ್ನು ಗದರಿಸಲಿಲ್ಲ, ಅಪಹಾಸ್ಯ ಮಾಡಲಿಲ್ಲ, ಹುಸಿ ಭರವಸೆಯನ್ನೂ ಕೊಡಲಿಲ್ಲ. ಮಾಡಬಲ್ಲೆನೆಂದು ಒಪ್ಪಿಕೊಂಡರು. ಯುದ್ಧದ ಗಾಯಾಳುಗಳು ಸಾಲುಗಟ್ಟಿರುವುದರಿಂದ ಅದು ಮುಗಿಯುವ ತನಕ ಕಾಯಬೇಕೆಂದರು. ಮುಂದೆ ದಾಖಲೆಯಲ್ಲಿ ಅವರು ಬರೆದದ್ದು ಹೈಪೋಸ್ಪೇಡಿಯಾಸ್ ಎಂಬ ರೋಗದ ಹೆಸರು. ಮೂತ್ರದ್ವಾರ ಸರಿಯಾದ ಸ್ಥಾನದಲ್ಲಿ ಇಲ್ಲದೆ ಗಂಡುಮಕ್ಕಳು ಹುಟ್ಟುವ ಸಾಮಾನ್ಯ ದೋಷ ಅದು. ಆ ಒಂದು ಪದದಿಂದ ದಾದಿಯರಿಗಾಗಲಿ ಗುಮಾಸ್ತರಿಗಾಗಲಿ ಗುಟ್ಟು ಬಯಲಾಗುವ ಹೆದರಿಕೆ ತಪ್ಪಿತು.

ಬ್ಯಾಂಕಿನ ಉದ್ಯೋಗದಲ್ಲಿರುವ ನಮಗೆ ಗ್ರಾಹಕರ ಲೆಕ್ಕದ ಗೋಪ್ಯತೆ ಮೊದಲ ದಿನವೇ ಕಲಿಸಿದ ಪಾಠ. ಒಬ್ಬರ ಪಾಸ್‌ಬುಕ್ಕಿನ ಮೊತ್ತವನ್ನು ಇನ್ನೊಬ್ಬರ ಮುಂದೆ ಆಡುವಂತಿಲ್ಲ. ದುಡ್ಡಿಗೇ ಇಷ್ಟು ಮರ್ಯಾದೆ ಇರುವಾಗ ಒಬ್ಬರ ದೇಹದ, ಬಾಳಿನ ಗುಟ್ಟಿಗೆ ಎಷ್ಟಿರಬೇಕು! ಒಬ್ಬ ಮನೋವೈದ್ಯರು ಮರೆತ ಈ ಮಾತನ್ನು ಒಬ್ಬ ಶಸ್ತ್ರವೈದ್ಯರು ಕೊನೆಯವರೆಗೂ ನೆನಪಿಟ್ಟರು.

1945ರಲ್ಲಿ ಡಿಲ್ಲನ್ ವೈದ್ಯಕೀಯ ಕಲಿಯಲು ಡಬ್ಲಿನ್ನಿನ ಟ್ರಿನಿಟಿ ಕಾಲೇಜು ಸೇರಿದರು. ಹಳೆಯ ಪದವಿ ಪತ್ರದಲ್ಲಿ ಮಹಿಳಾ ಕಾಲೇಜಿನ ಹೆಸರಿದ್ದರೆ ಗತಿಯೇನು? ಆಕ್ಸ್‌ಫರ್ಡಿನ ಅವರ ಹಿಂದಿನ ಗುರುಗಳೊಬ್ಬರು ಕುಲಸಚಿವರ ಮನವೊಲಿಸಿ, ಪುರುಷರ ಕಾಲೇಜಾದ ಬ್ರೇಸ್‌ನೋಸ್‌ನ ಹೆಸರು ದಾಖಲಾಗುವಂತೆ ಮಾಡಿದರು. ಕಾಗದಪತ್ರದಲ್ಲಿ ಒಂದಕ್ಷರ ತಿದ್ದಿಸಲು ಜನ ಎಷ್ಟು ಅಲೆಯುತ್ತಾರೆಂಬುದನ್ನು ಕೌಂಟರಿನ ಈಚೆ ಕುಳಿತು ದಿನವೂ ನೋಡುವ ನಮಗೆ ಆ ಗುರುವಿನ ಉಪಕಾರ ದೊಡ್ಡದಾಗಿ ಕಾಣುತ್ತದೆ. ಟ್ರಿನಿಟಿಯಲ್ಲಿ ಡಿಲ್ಲನ್ ಮತ್ತೆ ಹುಟ್ಟು ಹಿಡಿದರು, ಈ ಬಾರಿ ಪುರುಷರ ದೋಣಿಯಲ್ಲಿ.

1946ರಿಂದ 1949ರವರೆಗೆ, ಓದಿನ ನಡುವೆಯೇ, ಗಿಲೀಸರಿಂದ ಕಡಿಮೆಯೆಂದರೂ ಹದಿಮೂರು ಶಸ್ತ್ರಚಿಕಿತ್ಸೆಗಳಾದವು. ಬೇಸಿಂಗ್‌ಸ್ಟೋಕ್ ಬಳಿಯ ರೂಕ್ಸ್‌ಡೌನ್ ಹೌಸ್ ಅವರ ರಜಾದಿನಗಳ ಮನೆಯಾಯಿತು. ವರ್ಷಗಳ ಹಿಂದೆ ನಾವಿಕನ ಮುಖಕ್ಕೆ ಬಳಸಿದ ಕೊಳವೆಯ ವಿಧಾನವನ್ನೇ ಗಿಲೀಸರು ಇಲ್ಲಿ ಇನ್ನಷ್ಟು ಬೆಳೆಸಿದರು. ಮೂತ್ರನಾಳಕ್ಕೊಂದು ಒಳಕೊಳವೆ, ಅದನ್ನು ಸುತ್ತಿ ಒಂದು ಹೊರಕೊಳವೆ. ನೋವು, ನಂಜು, ಕಾಯುವಿಕೆ ಎಲ್ಲವನ್ನೂ ಡಿಲ್ಲನ್ ಸಹಿಸಿದರು. ನಂಜಿನಿಂದ ಕುಂಟುವಂತಾದಾಗ ಸಹಪಾಠಿಗಳಿಗೆ ಯುದ್ಧದ ಗಾಯವೆಂದು ಹೇಳಿ ಸುಮ್ಮನಾದರು.

1946ರಲ್ಲೇ ಅವರ ಸೆಲ್ಫ್ ಎಂಬ ಪುಸ್ತಕ ಹೊರಬಂತು. ತಮ್ಮ ವಿಷಯವನ್ನು ಎಲ್ಲಿಯೂ ಹೇಳಿಕೊಳ್ಳದೆ, ಇಂತಹವರ ಮನಸ್ಸನ್ನು ದೇಹಕ್ಕೆ ಹೊಂದಿಸಲಾಗದಿದ್ದಾಗ ದೇಹವನ್ನು ಮನಸ್ಸಿಗೆ ಹೊಂದಿಸುವುದೇ ವೈದ್ಯರ ಧರ್ಮವೆಂದು ಅವರು ವಾದಿಸಿದರು. ಇದನ್ನು ಓದಿ ಅವರನ್ನು ಹುಡುಕಿ ಬಂದವರು ರಾಬರ್ಟಾ ಕೋವೆಲ್. ಯುದ್ಧ ವಿಮಾನ ಹಾರಿಸಿದವರು, ಮೋಟಾರು ಪಂದ್ಯಗಳಲ್ಲಿ ಓಡಿದವರು, ಗಂಡೆಂದು ದಾಖಲಾಗಿ ಹೆಣ್ಣಾಗಿ ಬಾಳಬಯಸಿದವರು. 1951ರಲ್ಲಿ ಗಿಲೀಸರು ಅವರಿಗೂ ಶಸ್ತ್ರಚಿಕಿತ್ಸೆ ಮಾಡಿದರು. ಡಿಲ್ಲನ್ ಕೋವೆಲ್ಲರನ್ನು ಪ್ರೀತಿಸಿ ಮದುವೆಯಾಗಬಯಸಿದರು, ಅವರು ಒಪ್ಪಲಿಲ್ಲ.

1951ರಲ್ಲಿ ವೈದ್ಯರಾಗಿ ತೇರ್ಗಡೆಯಾದ ಡಿಲ್ಲನ್ ಮರುವರ್ಷದಿಂದ ವ್ಯಾಪಾರಿ ಹಡಗುಗಳಲ್ಲಿ ವೈದ್ಯರಾಗಿ ಸಮುದ್ರ ಸುತ್ತಿದರು. ಅಣ್ಣನಿಗೆ ಗಂಡುಮಕ್ಕಳಿರಲಿಲ್ಲವಾದ್ದರಿಂದ ಕುಲದ ಪದವಿಗೆ ಡಿಲ್ಲನ್ನರೇ ಮುಂದಿನ ವಾರಸುದಾರರು. ಕುಲೀನರ ವಂಶಾವಳಿಗಳನ್ನು ಅಚ್ಚುಮಾಡುವ ಎರಡು ಗ್ರಂಥಗಳಲ್ಲಿ ಡೆಬ್ರೆಟ್ಸ್ ಅವರನ್ನು ಮೈಕೆಲ್ ಎಂದು ತಿದ್ದಿಕೊಂಡಿತ್ತು, ಬರ್ಕ್ಸ್ ಹಳೆಯ ಹೆಸರನ್ನೇ ಉಳಿಸಿಕೊಂಡಿತ್ತು. ಈ ವ್ಯತ್ಯಾಸ ಪತ್ರಿಕೆಯವರ ಕಣ್ಣಿಗೆ ಬಿತ್ತು. 1958ರಲ್ಲಿ ಅವರ ಹಡಗು ಅಮೆರಿಕದ ಬಾಲ್ಟಿಮೋರ್ ಬಂದರಿನಲ್ಲಿದ್ದಾಗ ಸುದ್ದಿಗಾರರು ಸುತ್ತುವರಿದರು. ಗಿಲೀಸರು ಬರೆದ ರೋಗದ ಹೆಸರನ್ನೇ ಡಿಲ್ಲನ್ ಗುರಾಣಿಯಾಗಿ ಹಿಡಿದರೂ ಪ್ರಯೋಜನವಾಗಲಿಲ್ಲ. ಹದಿನಾಲ್ಕು ವರ್ಷ ಕಟ್ಟಿಕೊಂಡು ಬಂದ ಬಾಳು ಪತ್ರಿಕೆಯ ಮುಖಪುಟಕ್ಕೆ ತುತ್ತಾಯಿತು.

ಅವರು ಆರಿಸಿಕೊಂಡ ಆಶ್ರಯ ಭಾರತ. ಕಾಲಿಂಪಾಂಗಿನಲ್ಲಿ ಇಂಗ್ಲೆಂಡ್ ಮೂಲದ ಭಿಕ್ಷು ಸಂಘರಕ್ಷಿತರ ಬಳಿ ಕೆಲವು ಕಾಲವಿದ್ದು, ಸಾರನಾಥದಲ್ಲಿ ಶ್ರಾಮಣೇರ ದೀಕ್ಷೆ ಪಡೆದರು. ಬುದ್ಧನ ವೈದ್ಯನಾಗಿದ್ದ ಜೀವಕನ ಹೆಸರು ಈ ವೈದ್ಯರದಾಯಿತು. ಆದರೆ ಪೂರ್ಣ ದೀಕ್ಷೆಗೆ ಅವರ ಹಿಂದಿನ ಬದುಕೇ ಅಡ್ಡವಾಯಿತು. ವಿನಯದ ಹಳೆಯ ನಿಯಮಗಳು ಎದುರು ನಿಂತವು. ಆಗ ಟಿಬೆಟನ್ ಪಂಥದ ಕಡೆ ತಿರುಗಿ ಲಡಾಖಿನ ರಿಜೊಂಗ್ ಮಠಕ್ಕೆ ಹೋದರು. ಅಡುಗೆಮನೆಯ ಚಾಕರಿ, ಕೊರೆಯುವ ಚಳಿ, ಅರೆಹೊಟ್ಟೆಯ ನಡುವೆಯೂ ಅಲ್ಲಿ ನೆಮ್ಮದಿ ಕಂಡರು. ಪರವಾನಗಿಯ ಅವಧಿ ಮುಗಿದು ಹೊರಡಬೇಕಾಗಿ ಬಂದದ್ದು ಅವರಿಗೆ ದೊಡ್ಡ ದುಃಖ. ಆ ದಿನಗಳನ್ನು ಕುರಿತ ಇಮ್ಜಿ ಗೆಟ್ಸುಲ್ ಎಂಬ ಪುಸ್ತಕವೂ ಮಿಲಾರೆಪನ ಚರಿತ್ರೆಯೂ 1962ರಲ್ಲಿ ಪ್ರಕಟವಾದವು. ಅದೇ ವರ್ಷ ಆತ್ಮಕಥೆಯನ್ನು ಮುಗಿಸಿ ಲಂಡನ್ನಿಗೆ ಕಳುಹಿಸಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅಣ್ಣನಿಗೆ ಆ ಹಸ್ತಪ್ರತಿ ಸುಟ್ಟುಹೋದರೆ ಸಾಕೆನಿಸಿತ್ತು. ಹೇಗೋ ಉಳಿದು, ಅರ್ಧ ಶತಮಾನ ಕಳೆದ ಮೇಲೆ ಅದು ಅಚ್ಚಾಯಿತು. ಗಿಲೀಸರು 1960ರಲ್ಲೇ ಗತಿಸಿದ್ದರು.

ಇಂದು ಇಂತಹ ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರನ್ನು ಕಾಣಲು ಹೋಗುವವರ ಸ್ಥಿತಿ ಬಹಳ ಸುಧಾರಿಸಿದೆ. 1984ರಲ್ಲಿ ಚೀನಾದ ವೈದ್ಯರು ಮುಂದೋಳಿನ ಚರ್ಮವನ್ನು ಬಳಸಿ, ರಕ್ತನಾಳಗಳನ್ನು ಸೂಕ್ಷ್ಮದರ್ಶಕದಡಿ ಜೋಡಿಸುವ ವಿಧಾನವನ್ನು ಪ್ರಕಟಿಸಿದ ಮೇಲೆ ಹದಿಮೂರು ಬಾರಿ ಮಲಗಬೇಕಾದ ಕಾಲ ಹೋಯಿತು. ಆದರೂ ವೈದ್ಯರು ವಿವರಿಸಬೇಕಾದ ಸಂಗತಿಗಳು ಹಲವು: ಮೂತ್ರನಾಳ ಕಿರಿದಾಗುವ ಅಥವಾ ಸೋರುವ ಸಂಭವ, ಚರ್ಮ ತೆಗೆದ ಜಾಗದ ಕಲೆ, ಸ್ಪರ್ಶಜ್ಞಾನದ ಮಿತಿ, ಹಂತಗಳ ಸಂಖ್ಯೆ, ತಂಬಾಕು ಬಿಡಬೇಕಾದ ಅಗತ್ಯ. ರೋಗಿಯಲ್ಲದವರನ್ನು ರೋಗಿಯಂತೆ ನೋಡದೆ ಇದನ್ನೆಲ್ಲ ತಾಳ್ಮೆಯಿಂದ ಹೇಳಿ, ಕೇಳಿದ್ದಕ್ಕೆ ಉತ್ತರಿಸುವುದೇ ಆ ಭೇಟಿಯ ಸಾರ. ನಮ್ಮ ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರ ತೀರ್ಪಿನಲ್ಲಿ, ಲಿಂಗದ ಗುರುತನ್ನು ಒಪ್ಪಲು ಶಸ್ತ್ರಚಿಕಿತ್ಸೆಯನ್ನು ಕಡ್ಡಾಯ ಮಾಡುವುದು ಸರಿಯಲ್ಲವೆಂದು ಹೇಳಿತು. ಮಾಡಿಸಿಕೊಳ್ಳಬೇಕೆ, ಬೇಡವೆ ಎಂಬುದು ಅವರವರ ನಿರ್ಧಾರ.

ಡಿಲ್ಲನ್ನರಿಗೆ ಹೆತ್ತವರಿರಲಿಲ್ಲ. ಇದ್ದೊಬ್ಬ ಅಣ್ಣ ಮನೆತನದ ಹೆಸರಿಗೆ ಅಂಜಿದರು. ಒಬ್ಬ ಶಸ್ತ್ರವೈದ್ಯರು, ಒಬ್ಬ ಹಳೆಯ ಗುರು ತೋರಿದ ವಿಶ್ವಾಸದ ಮೇಲೆಯೇ ಅವರು ಅಷ್ಟು ದೂರ ನಡೆದರು. ನಮ್ಮ ಮನೆಗಳ ಮಕ್ಕಳಿಗೆ ಹೆತ್ತವರಿದ್ದಾರೆ, ಅತ್ತೆ ಮಾವಂದಿರಿದ್ದಾರೆ, ಅಜ್ಜ ಅಜ್ಜಿಯರಿದ್ದಾರೆ. ಅವರಲ್ಲೊಬ್ಬರು ಎಂದಾದರೂ ಬಂದು, ಯಾರಿಗೂ ಹೇಳದ ಮಾತನ್ನು ನಮ್ಮೆದುರು ತೆರೆದಿಟ್ಟರೆ, ಕೂತು ಕೇಳುವುದು ಮೊದಲ ಕೆಲಸ. ಅದನ್ನು ಅವರ ಅನುಮತಿಯಿಲ್ಲದೆ ಮುಂದಿನ ಮನೆಗೆ ದಾಟಿಸದಿರುವುದು ಎರಡನೆಯದು. ಉಳಿದದ್ದನ್ನು ಬಲ್ಲ ವೈದ್ಯರನ್ನು ಜೊತೆಯಾಗಿ ಹೋಗಿ ಕೇಳಬಹುದು.