ಗಾಳಿಪಟದ ಫ್ರಾಂಕ್ಲಿನ್ ಅಂಗಡಿ ನಡೆಸಿದ್ದು ಹೇಗೆ?

ಬೆಂಜಮಿನ್ ಫ್ರಾಂಕ್ಲಿನ್ ಎಂದರೆ ನಮಗೆ ನೆನಪಾಗುವುದು ಗಾಳಿಪಟ ಮತ್ತು ಮಿಂಚು. ಅದಕ್ಕೂ ಮೊದಲು ಅವರು ಫಿಲಡೆಲ್ಫಿಯಾದ ಸಣ್ಣ ಪ್ರೆಸ್ಸೊಂದರ ಮಾಲೀಕ. 1706ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿ, 17ನೇ ವಯಸ್ಸಿಗೆ ಮನೆ ಬಿಟ್ಟು ಬಂದವರು. 1728ರಲ್ಲಿ ಪ್ರೆಸ್ ತೆರೆದರು, ಮರುವರ್ಷ ಪತ್ರಿಕೆಯೊಂದನ್ನೂ ಕೊಂಡರು. ಪತ್ನಿ ಡೆಬೊರಾ ಅಂಗಡಿ ನೋಡಿಕೊಳ್ಳುತ್ತಿದ್ದರು, ಪುಸ್ತಿಕೆ ಹೊಲಿಯುತ್ತಿದ್ದರು.

ಇಷ್ಟರ ನಡುವೆ ಗಿರಾಕಿಗಳಿಗಾಗಿ ಬರೆಯುವುದು ಯಾವಾಗ? ಇಂದು ಅಂಗಡಿಯನ್ನೂ ನೋಡಿಕೊಂಡು ದಿನಕ್ಕೊಂದು ಪೋಸ್ಟ್ ಹಾಕಲು ಹೆಣಗುವವರ ಪ್ರಶ್ನೆಯೂ ಇದೇ. ಫ್ರಾಂಕ್ಲಿನ್ 1732ರ ಕೊನೆಗೆ ರಿಚರ್ಡ್ ಸಾಂಡರ್ಸ್ ಎಂಬ ಕಲ್ಪಿತ ಹೆಸರಿನಲ್ಲಿ ಪಂಚಾಂಗ ತಂದರು. ವರ್ಷಕ್ಕೊಮ್ಮೆ ಅಚ್ಚು ಹಾಕಿದರೆ ವರ್ಷವಿಡೀ ಜನರ ಮನೆಯಲ್ಲಿರುತ್ತಿತ್ತು. ಮುಖ್ಯ ದಿನಗಳ ನಡುವಿನ ಖಾಲಿ ಜಾಗಕ್ಕೆ ಗಾದೆ ತುಂಬಿದರು. ಅವೆಲ್ಲ ಅವರ ಸ್ವಂತದ್ದು ಎಂಬುದು ಈಗಲೂ ಓಡಾಡುವ ತಪ್ಪು ನಂಬಿಕೆ. ಬಹುಪಾಲು ಹಳೆಯ ಸಂಗ್ರಹಗಳಿಂದ ಎತ್ತಿ, ತಿದ್ದಿ, ಚುಟುಕಾಗಿಸಿದವು. ಅದನ್ನು ಅವರೇ ಒಪ್ಪಿಕೊಂಡಿದ್ದರು. ಪ್ರತಿಸ್ಪರ್ಧಿ ಪಂಚಾಂಗಕಾರ ಟೈಟನ್ ಲೀಡ್ಸ್ ಇಂಥ ದಿನ ಸಾಯುತ್ತಾರೆಂದು ಭವಿಷ್ಯ ಬರೆದು, ಆ ದಿನ ಕಳೆದ ಮೇಲೂ ಬದುಕಿದ್ದವರನ್ನು ಸತ್ತವರೆಂದೇ ಸಾಧಿಸಿದರು. ಓದುಗರು ನಕ್ಕಿರಬಹುದು, ನನಗಂತೂ ಹಿಡಿಸದು.

ವರ್ಷಕ್ಕೆ ಸುಮಾರು 10,000 ಪ್ರತಿ ಮಾರಾಟವಾಗುತ್ತಿತ್ತು. 1748ರಲ್ಲಿ, 42ರ ಹೊತ್ತಿಗೆ, ಪ್ರೆಸ್ಸನ್ನು ಪಾಲುದಾರ ಡೇವಿಡ್ ಹಾಲ್‌ಗೆ ಒಪ್ಪಿಸಿ ವಿದ್ಯುತ್ ಪ್ರಯೋಗಗಳಿಗೆ ಬಿಡುವು ಮಾಡಿಕೊಂಡರು. ಸಿಡಿಲಿನಿಂದ ಮನೆ ಕಾಯಲು ಕಬ್ಬಿಣದ ಸರಳು ನಿಲ್ಲಿಸುವ ವಿಧಾನವನ್ನು ಜನರಿಗೆ ತಿಳಿಸಿದ್ದೂ 1753ರ ಅದೇ ಪಂಚಾಂಗದಲ್ಲಿ.

1757ರಲ್ಲಿ ಲಂಡನ್ನಿಗೆ ಹೊರಟ ಹಡಗಿನಲ್ಲಿ ಮರುವರ್ಷದ ಮುನ್ನುಡಿ ಬರೆದರು. 25 ವರ್ಷದ ಪಂಚಾಂಗಗಳಿಂದ ಗಾದೆಗಳನ್ನು ಆಯ್ದು, ಒಬ್ಬ ಮುದುಕನ ಭಾಷಣವಾಗಿ ಪೋಣಿಸಿದ್ದರು. ಅವರ ಬರಹಗಳಲ್ಲಿ ಅತಿ ಹೆಚ್ಚು ಮರುಮುದ್ರಣ ಕಂಡವುಗಳಲ್ಲಿ ಅದೂ ಒಂದು.