ಆ. ನೇ. ಉಪಾಧ್ಯೆ: ಅರ್ಧಮಾಗಧಿಯ ಆಯ್ಕೆ

ಆದಿನಾಥ ನೇಮಿನಾಥ ಉಪಾಧ್ಯೆಯವರು ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1906ರ ಫೆಬ್ರವರಿ 6ರಂದು ಜನಿಸಿದರು. ಉಪಾಧ್ಯೆ ಎಂಬ ಅಡ್ಡಹೆಸರೇ ಆ ಭಾಗದಲ್ಲಿ ಜೈನ ಬಸದಿಗಳ ಪೌರೋಹಿತ್ಯವನ್ನು ಸೂಚಿಸುವಂಥದು. ಕನ್ನಡ ಮತ್ತು ಮರಾಠಿಗಳೆರಡೂ ನಿತ್ಯ ಕಿವಿಗೆ ಬೀಳುವ ಗಡಿಯ ಊರದು. ಬೆಳಗಾವಿಯಲ್ಲಿ ಪ್ರೌಢಶಿಕ್ಷಣ ಪಡೆದ ಅವರು 1928ರಲ್ಲಿ ಬಿ.ಎ. ಪದವೀಧರರಾದರು.

ಮುಂದೇನು ಎಂಬ ಪ್ರಶ್ನೆ ಆಗ ಇಂದಿನಷ್ಟು ಸರಳವಾಗಿರಲಿಲ್ಲ. ಜೈನಧರ್ಮವನ್ನೇ ಸ್ನಾತಕೋತ್ತರ ಮಟ್ಟದಲ್ಲಿ ಓದಬೇಕೆನ್ನುವವನು ಸಂಸ್ಕೃತದ ಬಾಗಿಲಿನಿಂದಲೋ ತತ್ತ್ವಶಾಸ್ತ್ರದ ಬಾಗಿಲಿನಿಂದಲೋ ಒಳಹೋಗಬೇಕಿತ್ತು. ಸಂಸ್ಕೃತಕ್ಕೆ ಪ್ರತಿಷ್ಠೆಯಿತ್ತು, ಕಾಲೇಜುಗಳಲ್ಲಿ ಹುದ್ದೆಗಳೂ ಇದ್ದವು. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಮೂರನೆಯ ಬಾಗಿಲೊಂದಿತ್ತು, ಅದು ಅರ್ಧಮಾಗಧಿ. ಓದುವವರು ಕಡಿಮೆ, ಕಲಿಸುವ ಹುದ್ದೆಗಳು ಇನ್ನೂ ಕಡಿಮೆ. ಉಪಾಧ್ಯೆಯವರು ಎಂ.ಎ. ಪದವಿಗೆ ಆರಿಸಿಕೊಂಡದ್ದು ಇದನ್ನೇ. ಜೀವನೋಪಾಯದ ದೃಷ್ಟಿಯಿಂದ ಇದು ಧೈರ್ಯದ ನಿರ್ಧಾರವೆನ್ನದೆ ವಿಧಿಯಿಲ್ಲ. ಪುಣೆಯ ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿ ಅವರ ಅಧ್ಯಯನ ನಡೆಯಿತು. ಸುಕ್ತಂಕರರ ನೇತೃತ್ವದಲ್ಲಿ ಮಹಾಭಾರತದ ಪರಿಷ್ಕರಣ ಅಲ್ಲಿ ಸಾಗುತ್ತಿದ್ದ ವರ್ಷಗಳವು. ಹಸ್ತಪ್ರತಿಗಳನ್ನು ತಾಳೆ ನೋಡಿ ಪಾಠವನ್ನು ನಿರ್ಣಯಿಸುವ ಶಿಸ್ತು ಆ ಆವರಣದ ಗಾಳಿಯಲ್ಲಿಯೇ ಇತ್ತು.

1930ರಲ್ಲಿ ಎಂ.ಎ. ಆಯಿತು. ಅದೇ ವರ್ಷ ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕ ಹುದ್ದೆ ದೊರೆಯಿತು. 1962ರವರೆಗೆ ಅವರು ಅಲ್ಲಿಯೇ ಉಳಿದರು. ಪದವಿ ಮುಗಿದ ಬೆನ್ನಲ್ಲೇ ಪ್ರಾಕೃತದ ದೇಶೀ ನಿಘಂಟುಗಳಲ್ಲಿ ಸೇರಿಕೊಂಡ ಕನ್ನಡ ಪದಗಳನ್ನು ಹುಡುಕಿ ಲೇಖನ ಬರೆದರು. 1933ರಲ್ಲಿ ಯಾಪನೀಯ ಸಂಘವನ್ನು ಕುರಿತ ಬರಹ ಬಂತು. ದಿಗಂಬರರಿಗೂ ಶ್ವೇತಾಂಬರರಿಗೂ ನಡುವೆ ನಿಂತಿದ್ದ ಈ ಪಂಥದ ಜಾಡು ಹೆಚ್ಚಾಗಿ ಉಳಿದಿರುವುದು ಕರ್ನಾಟಕದ ಶಾಸನಗಳಲ್ಲಿ.

1935ರಲ್ಲಿ ಪ್ರಕಟವಾದ ಕುಂದಕುಂದಾಚಾರ್ಯರ ‘ಪ್ರವಚನಸಾರ’ದ ಸಂಪಾದನೆ ಅವರಿಗೆ ವಿದ್ವಲ್ಲೋಕದಲ್ಲಿ ಸ್ಥಾನವನ್ನು ಗಳಿಸಿಕೊಟ್ಟಿತು. ಸಂಪ್ರದಾಯಕ್ಕೆ ಪೂಜ್ಯವಾದ ಗ್ರಂಥವದು. ಅದೇ ಸಂಪ್ರದಾಯದಲ್ಲಿ ಹುಟ್ಟಿದವರು ಅದರ ಕರ್ತೃವಿನ ಕಾಲವನ್ನು ಪ್ರಶ್ನೆಯಾಗಿಸಿಕೊಂಡು, ಕರ್ತೃವಿನ ಹೆಸರಿನಲ್ಲಿರುವ ಕೃತಿಗಳನ್ನೆಲ್ಲ ಒರೆಗೆ ಹಚ್ಚಿ, ಭಾಷೆಯ ರೂಪಗಳನ್ನು ವಿಂಗಡಿಸಿ ತೋರಿಸಿದ್ದು ಸಣ್ಣ ಸಂಗತಿಯಲ್ಲ. ಕುಂದಕುಂದರನ್ನು ಅವರು ಕ್ರಿಸ್ತಶಕದ ಆರಂಭಕಾಲಕ್ಕೆ ಸೇರಿಸಿದರು. ಈ ನಿರ್ಣಯವನ್ನು ಎಲ್ಲರೂ ಒಪ್ಪಿಲ್ಲ. ಆದರೆ ಒಪ್ಪದವರೂ ಆ ಸುದೀರ್ಘ ಪೀಠಿಕೆಯನ್ನು ಎದುರುಗೊಳ್ಳದೆ ಮುಂದೆ ಹೋಗುವಂತಿಲ್ಲ. ತತ್ತ್ವಶಾಸ್ತ್ರದ ದಾರಿಯಿಂದ ಬಂದವರಿಗೆ ಗ್ರಂಥದ ಆತ್ಮವಿಚಾರ ದಕ್ಕುತ್ತಿತ್ತು, ಅದರ ಶೌರಸೇನಿಯ ಸ್ವರೂಪ ದಕ್ಕುತ್ತಿತ್ತೇ ಎಂಬುದು ಸಂದೇಹ.

ಕನ್ನಡಿಗರಿಗೆ ಇನ್ನೂ ಹತ್ತಿರದ್ದು ‘ವರಾಂಗಚರಿತ’. ಜಟಾಸಿಂಹನಂದಿಯ ಹೆಸರು ಪಂಪನಿಗೂ ಗೊತ್ತಿತ್ತು; ಕೊಪ್ಪಳದ ಬಂಡೆಯ ಮೇಲೆ ಆತನ ಪಾದಗಳನ್ನು ಕೆತ್ತಿಸಿದ ಬರಹವಿದೆ. ಕಾವ್ಯ ಮಾತ್ರ ಬೆಳಕು ಕಂಡಿರಲಿಲ್ಲ. ಕೊಲ್ಹಾಪುರದ ಲಕ್ಷ್ಮೀಸೇನ ಮಠದಲ್ಲಿದ್ದ ಓಲೆಗರಿಯ ಪ್ರತಿಯ ನೆರವಿನಿಂದ ಉಪಾಧ್ಯೆಯವರು 1938ರಲ್ಲಿ ಅದನ್ನು ಹೊರತಂದರು. ಕೃತಿ ಸಂಸ್ಕೃತದ್ದು, ಸಂಪಾದಕರು ಪ್ರಾಕೃತದವರು, ಓದಬೇಕಾದ ಲಿಪಿ ಕನ್ನಡದ್ದು. ಸದಲಗಾದ ಬಾಲ್ಯ ಇಲ್ಲಿ ಕೈಹಿಡಿಯಿತು.

ಇಷ್ಟೆಲ್ಲ ಪ್ರಕಟವಾದ ಬಳಿಕ, ಎಂ.ಎ. ಆಗಿ ಒಂಬತ್ತು ವರ್ಷಗಳ ಅನಂತರ, 1939ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಅವರಿಗೆ ಡಿ.ಲಿಟ್. ಪದವಿಯನ್ನು ನೀಡಿತು. ಮುಂದೆ ‘ಬೃಹತ್ಕಥಾಕೋಶ’, ‘ಲೀಲಾವಈ’, ‘ಕುವಲಯಮಾಲಾ’ ಬಂದವು. ಮೂಡಬಿದಿರೆಯ ಓಲೆಗರಿಗಳಲ್ಲಿ ಉಳಿದು ಬಂದ ಧವಳಾ ಟೀಕೆಯ ಪ್ರಕಟಣೆಯಲ್ಲಿ ಹೀರಾಲಾಲ್ ಜೈನರೊಡನೆ ದುಡಿದರು.

ಅವರ ಮಹತ್ತ್ವದ ಪೀಠಿಕೆಗಳೆಲ್ಲ ಇಂಗ್ಲಿಷಿನಲ್ಲಿವೆ, ಕನ್ನಡದಲ್ಲಿ ಬರೆದದ್ದು ಅಲ್ಪ. ಕನ್ನಡದ ವಿದ್ಯಾರ್ಥಿಗಳಿಗೆ ಇದು ನಷ್ಟವೇ. ಆದರೂ 1967ರ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಲಾಯಿತು.

1971ರಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ಜೈನಶಾಸ್ತ್ರ ಮತ್ತು ಪ್ರಾಕೃತದ ಪ್ರಾಧ್ಯಾಪಕರಾಗಿ ಬಂದರು. ಧರ್ಮ ಒಂದು ಕಡೆ, ಭಾಷೆ ಒಂದು ಕಡೆ ಎಂದು ಆರಿಸಿಕೊಳ್ಳಬೇಕಾದ ಇಕ್ಕಟ್ಟು ಅಲ್ಲಿಯ ವಿದ್ಯಾರ್ಥಿಗಳಿಗೆ ಇರಲಿಲ್ಲ. 1975ರ ಅಕ್ಟೋಬರ್‌ನಲ್ಲಿ ಉಪಾಧ್ಯೆಯವರು ಕೊಲ್ಹಾಪುರದಲ್ಲಿ ನಿಧನರಾದರು.