ಬಾದಶಾಹನನ್ನು ದಡ ಸೇರಿಸಿದ ನಿಝಾಮ್ ಭಿಸ್ತಿ

ಮೊಗ್ರಾಲ್ ಹೊಳೆಯ ಬದಿಯಲ್ಲಿ ಬೆಳೆದವರಿಗೆ ಮಳೆಗಾಲದ ನೀರಿನ ಸೆಳೆತ ಏನೆಂದು ಹೇಳಿಕೊಡಬೇಕಾಗಿಲ್ಲ. ಚೆನ್ನಾಗಿ ಈಜು ಬಲ್ಲವರೂ ಮುಳುಗುತ್ತಿರುವವನ ಹತ್ತಿರ ಹೋಗಲು ಹಿಂದೆ ಮುಂದೆ ನೋಡುತ್ತಾರೆ. ಸುಮಾರು ಐನೂರು ವರ್ಷಗಳ ಹಿಂದೆ ಗಂಗಾ ನದಿಯಲ್ಲಿ ಹಾಗೆ ಹಿಂದೆ ಮುಂದೆ ನೋಡದ ಒಬ್ಬ ಬಡವನ ಹೆಸರು ಚರಿತ್ರೆಯಲ್ಲಿ ಉಳಿದಿದೆ. ಆತನೇ ನಿಝಾಮ್ ಭಿಸ್ತಿ.

ಭಿಸ್ತಿ ಎಂದರೆ ತೊಗಲಿನ ಚೀಲದಲ್ಲಿ ನೀರು ಹೊತ್ತು ಹಂಚುವವನು. ಆ ಚೀಲಕ್ಕೆ ಮಶಕ್ ಎನ್ನುತ್ತಾರೆ. ಪೇಟೆ ಬೀದಿಯಲ್ಲೂ ಸೈನ್ಯದ ಬಿಡಾರದಲ್ಲೂ ಭಿಸ್ತಿ ಇಲ್ಲದೆ ದಿನ ಸಾಗುತ್ತಿರಲಿಲ್ಲ. ಕರ್ಬಲಾದಲ್ಲಿ ಬಾಯಾರಿದವರಿಗೆ ನೀರು ತರಲು ಹೋಗಿ ಹುತಾತ್ಮರಾದ ಹಝ್ರತ್ ಅಬ್ಬಾಸ್ ಅವರ ನೆನಪಿನಲ್ಲಿ ಈ ಸಮುದಾಯದ ಅನೇಕರು ತಮ್ಮನ್ನು ಅಬ್ಬಾಸಿ ಎಂದು ಕರೆದುಕೊಳ್ಳುತ್ತಾರೆ. ಕೆಲಸ ದೊಡ್ಡದು. ಆದರೆ ದರ್ಬಾರಿನಲ್ಲಿ ಅವರಿಗೆ ಜಾಗ ಇರಲಿಲ್ಲ.

1539ರ ಜೂನ್ 26. ಬಂಗಾಳದಿಂದ ಆಗ್ರಾಕ್ಕೆ ಮರಳುತ್ತಿದ್ದ ಮೊಘಲ್ ಬಾದಶಾಹ ಹುಮಾಯೂನ್‌ನ ಸೈನ್ಯ ಇಂದಿನ ಬಿಹಾರದ ಚೌಸಾದಲ್ಲಿ ಬೀಡುಬಿಟ್ಟಿತ್ತು. ಸಂಧಾನದ ಮಾತು ನಡೆದಿದ್ದರಿಂದ ಕಾವಲು ಸಡಿಲವಾಗಿತ್ತು. ಬೆಳಗಿನ ಜಾವ ಶೇರ್ ಖಾನನ ಅಫ್ಘಾನ್ ಪಡೆ ಮೇಲೆರಗಿತು. ಜನ ಸಿಕ್ಕ ಸಿಕ್ಕ ಕಡೆ ನೀರಿಗೆ ಹಾರಿದರು. ಸಾವಿರಾರು ಮಂದಿ ಮುಳುಗಿ ಸತ್ತರು. ಕೈಗೆ ಗಾಯವಾಗಿದ್ದ ಹುಮಾಯೂನ್ ಕುದುರೆಯನ್ನೇ ನದಿಗೆ ಇಳಿಸಿದ. ಆದರೆ ನಡುನೀರಲ್ಲಿ ಕುದುರೆ ಕೈತಪ್ಪಿತು.

ಆಗ ಹತ್ತಿರ ಬಂದವನು ನಿಝಾಮ್. ನೀರಿನ ಚೀಲಕ್ಕೆ ಗಾಳಿ ತುಂಬಿಸಿ ಬಾಯಿ ಕಟ್ಟಿದರೆ ಅದು ತೇಲುತ್ತದೆ. ಆ ಗದ್ದಲದಲ್ಲಿ ಅವನ ಸ್ವಂತ ಜೀವಕ್ಕೆ ಇದ್ದ ಆಸರೆಯೂ ಅದೊಂದೇ. ಅದನ್ನೇ ಬಾದಶಾಹನಿಗೆ ಹಿಡಿಸಿ, ಸೆಳೆತ ದಾಟಿಸಿ ದಡ ಮುಟ್ಟಿಸಿದ. ಉಪಕಾರಕ್ಕೆ ಪ್ರತಿಯಾಗಿ ಅವನನ್ನು ಸಿಂಹಾಸನದಲ್ಲಿ ಕೂರಿಸುವುದಾಗಿ ಹುಮಾಯೂನ್ ಮಾತು ಕೊಟ್ಟ.

ಕಷ್ಟದಲ್ಲಿ ಕೊಟ್ಟ ಮಾತು ಕಷ್ಟ ತೀರಿದ ಮೇಲೆ ಮರೆತುಹೋಗುವುದೇ ಹೆಚ್ಚು. ಹುಮಾಯೂನ್ ಮಾತ್ರ ಮರೆಯಲಿಲ್ಲ. ಆಗ್ರಾದಲ್ಲಿ ನಿಝಾಮ್ ನಿಜವಾಗಿಯೂ ಸಿಂಹಾಸನ ಏರಿದ. ಎರಡು ದಿನ ಎಂದು ಹುಮಾಯೂನ್‌ನ ತಂಗಿ ಗುಲ್ಬದನ್ ಬೇಗಂ ಬರೆದಿಟ್ಟಿದ್ದಾರೆ. ಅರ್ಧ ದಿನ, ಎರಡೇ ಗಂಟೆ ಎಂದು ಬರೆದವರೂ ಇದ್ದಾರೆ. ತಮ್ಮ ಕಾಮ್ರಾನ್‌ಗೆ ಇದು ಹಿಡಿಸಲಿಲ್ಲ. ಶತ್ರು ಹತ್ತಿರ ಬರುತ್ತಿರುವಾಗ ಇದೆಂಥ ಆಟ, ಬೇರೆ ಏನಾದರೂ ಇನಾಮು ಕೊಡಬಹುದಿತ್ತಲ್ಲ ಎಂಬುದು ಅವನ ತಕರಾರು. ಅದರಲ್ಲಿ ತಥ್ಯ ಇಲ್ಲದಿಲ್ಲ. ಮರುವರ್ಷವೇ ಕನೌಜ್‌ನಲ್ಲಿ ಸೋತು ಹುಮಾಯೂನ್ ರಾಜ್ಯ ಕಳೆದುಕೊಂಡ. ಚೌಸಾದ ಆ ದಿನವೇ ಕಾಣೆಯಾಗಿದ್ದ ಮಗಳು ಅಕೀಕಾ ಮತ್ತೆ ಸಿಗಲೇ ಇಲ್ಲ. ಅವಳ ಬಳಿ ಒಬ್ಬ ಭಿಸ್ತಿ ಇರಲಿಲ್ಲ.

ಸಿಂಹಾಸನದಲ್ಲಿದ್ದಾಗ ನಿಝಾಮ್ ತನ್ನ ಮಶಕನ್ನೇ ಕತ್ತರಿಸಿ ತೊಗಲಿನ ನಾಣ್ಯ ಮಾಡಿಸಿದ ಎಂಬ ಕತೆ ಜನರ ಬಾಯಲ್ಲಿದೆ. ಅಜ್ಮೀರ್‌ನ ಖ್ವಾಜಾ ದರ್ಗಾದ ಆವರಣದಲ್ಲಿ ನಿಝಾಮ್ ಸಿಕ್ಕಾ ಎಂಬ ಹೆಸರಿನಲ್ಲಿ ಒಂದು ಗೋರಿ ಇದೆ. ಅದು ಅವನದೇ ಎಂದು ನಂಬುತ್ತಾರೆ. ಝಿಯಾರತ್‌ಗೆ ಹೋಗುವ ನಮ್ಮೂರಿನವರಲ್ಲಿ ಹಲವರು ಅದರ ಪಕ್ಕದಲ್ಲೇ ಹಾದುಹೋಗಿರುತ್ತಾರೆ. ಸಿಂಹಾಸನ ಕೆಲವು ಗಂಟೆಯದ್ದಾಗಿರಬಹುದು, ಎರಡು ದಿನದ್ದಾಗಿರಬಹುದು. ಆದರೆ ಅವನ ಹೆಸರನ್ನು ಇಷ್ಟು ಕಾಲ ಉಳಿಸಿದ್ದು ಆ ಸಿಂಹಾಸನ ಅಲ್ಲ, ನಡುನೀರಲ್ಲಿ ಇನ್ನೊಬ್ಬನ ಕೈಗೆ ಕೊಟ್ಟ ಆ ಗಾಳಿ ತುಂಬಿದ ಚೀಲ.